ಐನಾರನ ಕೊಟ್ಟಿಗೆಯ ಜೋಡಿ ಹೆಸರು

ವಿರೋಕ್ವಾ, ವಿಸ್ಕಾನ್ಸಿನ್
ಜೂನ್ 3

ನೆಲ್ಸ್,

ಕೂತುಕೊಂಡು ಓದು. ಗವರ್ನರ್ ಕ್ಯಾಲ್ಡರ್ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾರಲ್ಲ, ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ಯಾರನ್ನು ನಿಲ್ಲಿಸಿಕೊಳ್ಳಬೇಕು ಅನ್ನುವ ಹುಡುಕಾಟ ಮುಗಿಯುತ್ತಾ ಬಂದಿದೆಯಂತೆ. ಮೂರು ಹೆಸರು ಉಳಿದಿವೆ. ಒಬ್ಬರು ಫ್ಲಾರಿಡಾದ ಸೆನೆಟರ್ ಪ್ರೆಂಟಿಸ್. ಇನ್ನೊಬ್ಬರು ಯಾರೋ ನಿವೃತ್ತ ಜನರಲ್. ಮೂರನೆಯವಳು ನಿನ್ನಮ್ಮ.

ನಗಬೇಡ. ನಾನೂ ಮೊದಲು ನಕ್ಕೆ. ಚೀಸ್ ಕಾರ್ಖಾನೆಯಲ್ಲಿ ಹಾಲಿನ ತೊಟ್ಟಿ ತೊಳೆಯುತ್ತಿದ್ದವರ ಮಗಳು ಸೆನೆಟರ್ ಆದದ್ದೇ ದೊಡ್ಡದು ಅಂದುಕೊಂಡು ಇಷ್ಟು ದಿನ ಕಳೆದವಳು ನಾನು. ಆದರೆ ಕ್ಯಾಲ್ಡರ್ ಕಡೆಯವರ ಲೆಕ್ಕ ಬೇರೆ. ಈ ಸಲ ವಿಸ್ಕಾನ್ಸಿನ್ ಕೈತಪ್ಪಿದರೆ ದೇಶವೂ ಕೈತಪ್ಪುತ್ತದೆ, ವಿಸ್ಕಾನ್ಸಿನ್ ಉಳಿಯಬೇಕಾದರೆ ಜೊತೆಯಲ್ಲಿ ಹೌಗನ್ ಅನ್ನುವ ಹೆಸರಿರಬೇಕು ಅನ್ನುತ್ತಾರೆ. ನನಗೂ ಆಸೆಯಾಗಿದೆ ಮಗನೇ, ಸುಳ್ಳು ಯಾಕೆ ಹೇಳಲಿ. ತುಂಬಾ ಆಸೆಯಾಗಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯ ಮುಂದೆ ಪ್ರಮಾಣವಚನ ಹೇಳಿಕೊಂಡೆ. ನಿನ್ನ ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಬಾಯಲ್ಲಿರೋ ನೊರೆ ಉಗಿದು ಹೇಳಮ್ಮಾ, ದೇಶಕ್ಕೆ ಅರ್ಥ ಆಗ್ಬೇಕಲ್ಲ" ಅಂದಳು.

ಕ್ಯಾಲ್ಡರ್ ಕಡೆಯಿಂದ ಸ್ಟ್ರೌಡ್ ಅಂತ ಒಬ್ಬ ವಕೀಲರು ಬಂದು ನಮ್ಮ ಬದುಕನ್ನೆಲ್ಲ ಜಾಲಾಡುತ್ತಿದ್ದಾರೆ. ಹಲ್ಲಿನ ಡಾಕ್ಟರು ಒಂದೊಂದೇ ಹಲ್ಲು ತಟ್ಟಿ ನೋಡುವ ಹಾಗೆ ನೋಡುತ್ತಾರೆ. ನಿನ್ನ ವಿಷಯ ನಾನೇ ಮೊದಲಿಗೆ ತೆಗೆದೆ. "ನನ್ನ ಮಗ ಕುಡಿದು ಗಾಡಿ ಓಡಿಸಿ ವಾಂಡಾ ಕುಬಿಯಾಕ್ ಅನ್ನೋರ ಪ್ರಾಣ ತೆಗೆದ. ಸ್ಕೂಲಲ್ಲಿ ಅಡುಗೆ ಮಾಡ್ತಿದ್ರು ಆಕೆ. ನಾಲ್ಕು ವರ್ಷದಿಂದ ಜೈಲಲ್ಲಿದ್ದಾನೆ. ತಿಂಗಳಿಗೊಂದು ಭಾನುವಾರ ಹೋಗಿ ನೋಡಿ ಬರ್ತೀನಿ" ಅಂದೆ. ಸ್ಟ್ರೌಡ್ ಬರೆಯುವುದನ್ನು ನಿಲ್ಲಿಸಲೂ ಇಲ್ಲ. "ಊರಿಗೆಲ್ಲ ಗೊತ್ತಿರೋ ವಿಷಯ ಮೇಡಂ. ಇದ್ರಿಂದ ನಮಗೇನೂ ತೊಂದರೆಯಿಲ್ಲ. ಮುಚ್ಚಿಟ್ಟಿದ್ರೆ ತೊಂದರೆ" ಅಂದರು. ಕೇಳಿದೆಯಾ? ಆದ್ದರಿಂದ ನನ್ನಿಂದ ಅಮ್ಮನಿಗೆ ಕುತ್ತು ಬಂತು ಅಂತ ಅಲ್ಲಿ ಕೂತು ತಲೆ ಕೆಡಿಸಿಕೊಳ್ಳಬೇಡ.

ಅವರು ನಿನ್ನನ್ನು ನೋಡುವುದಕ್ಕೂ ಬರುತ್ತಾರೆ. ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳು, ಅಷ್ಟು ಸಾಕು.

ಪಕ್ಕದ ಹೊಲದ ಐನಾರ್ ಆಗಲೇ ಬಿಳಿ ಬಣ್ಣದ ಡಬ್ಬ ತಂದಿಟ್ಟಿದ್ದಾನೆ. ಹೈವೇಗೆ ಕಾಣುವ ಹಾಗೆ ದನದ ಕೊಟ್ಟಿಗೆಯ ಗೋಡೆ ತುಂಬಾ 'ಕ್ಯಾಲ್ಡರ್-ಹೌಗನ್' ಅಂತ ಬರೆಯುತ್ತಾನಂತೆ. "ಫೋನ್ ಬರೋ ತನಕ ಏಣಿ ಮುಟ್ಟಿದ್ರೆ ನೋಡು" ಅಂತ ಗದರಿದ್ದೇನೆ. ಏಣಿ ಗೋಡೆಗೆ ಒರಗಿಸಿಟ್ಟುಕೊಂಡು ಕಾಯುತ್ತಿದ್ದಾನೆ.

ನಿನ್ನ
ಅಮ್ಮ


ರಾಜ್ಯ ಸೆರೆಮನೆ
ಜೂನ್ 15

ಅಮ್ಮಾ,

ನನಗಿಲ್ಲಿ ಈಗಲೇ ಮರ್ಯಾದೆ ಶುರುವಾಗಿದೆ. ಪಕ್ಕದ ಹಾಸಿಗೆಯ ಓಟಿಸ್ ನಿನ್ನೆ ತನ್ನ ಪಾಲಿನ ಜೋಳದ ರೊಟ್ಟಿ ನನಗೆ ಕೊಟ್ಟು, "ನಿಮ್ಮಮ್ಮಂಗೆ ಹೇಳಪ್ಪಾ, ಓಟಿಸ್ ಒಳ್ಳೆಯವ್ನು ಅಂತ" ಅಂದ. ಇಲ್ಲಿ ಯಾರಿಗೂ ವೋಟಿಲ್ಲ. ಆದರೆ ಯಾವ ರಾಜ್ಯ ಯಾರ ಕಡೆ ವಾಲುತ್ತದೆ ಅಂತ ಊಟದ ಸಾಲಿನಲ್ಲಿ ಜಗಳವಾಡದವರು ಒಬ್ಬರೂ ಇಲ್ಲ. ಜನರಲ್‌ನಿಂದ ಏನೂ ಗಿಟ್ಟುವುದಿಲ್ಲ, ಪ್ರೆಂಟಿಸ್ ಬಂದರೆ ಫ್ಲಾರಿಡಾವೂ ಸಿಗುವುದಿಲ್ಲ, ಹೌಗನ್ ಬಂದರೆ ಹಾಲಿನ ಸೀಮೆಯೆಲ್ಲ ಹಿಂದೆ ಬರುತ್ತದೆ ಅನ್ನುವುದು ಓಟಿಸ್‌ನ ತೀರ್ಮಾನ.

ಸ್ಟ್ರೌಡ್ ಬಂದು ಹೋದರು. ಒಳ್ಳೆಯ ಮನುಷ್ಯ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ನಿನಗೆ ಅನುಕೂಲವಾಗುವ ಹಾಗೇ ಕೊಟ್ಟೆ. ನೀನು ನಿಶ್ಚಿಂತೆಯಾಗಿರು.

ಒಂದು ಮಾತು ನಡೆಸಿಕೊಡು. ಚುನಾವಣೆ ಮುಗಿಯುವವರೆಗೆ ನನ್ನನ್ನು ನೋಡುವುದಕ್ಕೆ ಬರಬೇಡ. ಕಾಗದ ಬರೆದರೂ ಲಕೋಟೆಯ ಮೇಲೆ ಬ್ರೀಟಾ ಅಕ್ಕನ ಹೆಸರು ಹಾಕು. ಯಾಕೆ ಅಂತ ಕೇಳಬೇಡ. ನಾಲ್ಕು ವರ್ಷದಿಂದ ನಿನಗಾಗಿ ಒಂದು ಕಡ್ಡಿ ಎತ್ತಿಡುವುದಕ್ಕೂ ನನ್ನ ಕೈಯಲ್ಲಿ ಆಗಿಲ್ಲ. ಇದೊಂದು ಮಾಡಲು ಬಿಡು.

ಕನ್ನಡಿ ಮುಂದೆ ಅಭ್ಯಾಸ ನಡೆಯಲಿ. ನೊರೆ ಉಗಿದು ಹೇಳು.

ನಿನ್ನ
ನೆಲ್ಸ್


ವಿರೋಕ್ವಾ
ಜುಲೈ 21

ನೆಲ್ಸ್,

ನೀನು ಟೀವಿಯಲ್ಲಿ ನೋಡಿರುತ್ತೀಯ. ಪ್ರೆಂಟಿಸ್ ಅವರನ್ನು ಆರಿಸಿದ್ದಾರೆ. ನಾನು ಚೆನ್ನಾಗಿದ್ದೇನೆ.

ಈ ವ್ಯವಹಾರದಲ್ಲಿ ಒಂದು ಪದ್ಧತಿ ಉಂಟು. ಬೇಡವಾದವರಿಗೆ ಮೊದಲು ಫೋನ್ ಮಾಡಿ ಸಮಾಧಾನ ಹೇಳುತ್ತಾರೆ, ಬೇಕಾದವರಿಗೆ ಕೊನೆಗೆ. ಹಾಗಾಗಿ ಆ ದಿನ ಫೋನ್ ಎಷ್ಟು ತಡವಾದರೆ ಅಷ್ಟು ಒಳ್ಳೆಯದು. ನಮ್ಮನೆ ಫೋನ್ ಕಾಫಿಯ ಹೊತ್ತಿಗೇ ಬಡಿದುಕೊಂಡಿತು. ಸದ್ದು ಕೇಳಿದ ಕೂಡಲೇ ನನಗೂ ಬ್ರೀಟಾಳಿಗೂ ಗೊತ್ತಾಗಿಹೋಯಿತು. ಹಾಲು ಕೊಡಲು ಬಂದಿದ್ದ ಐನಾರನಿಗೆ ಈ ಪದ್ಧತಿ ಎಲ್ಲಿ ಗೊತ್ತು? "ಗವರ್ನರ್ ಫೋನು! ಎಲ್ಲರಿಗಿಂತ ಮೊದ್ಲು ನಮಗೇ ಬಂತು!" ಅಂತ ಕುಣಿದಾಡಿ ಹೊರಗೆ ಓಡಿದ. ಕ್ಯಾಲ್ಡರ್ ಒಳ್ಳೆಯ ಮಾತಿನಲ್ಲೇ ಬೇಡ ಅಂದರು. ನಾನೂ ಒಳ್ಳೆಯ ಮಾತಿನಲ್ಲೇ ಆಗಲಿ ಅಂದೆ. ಫೋನ್ ಇಟ್ಟು ಕಿಟಕಿಯಲ್ಲಿ ನೋಡಿದರೆ ಐನಾರ್ ಏಣಿಯ ಮೇಲಿದ್ದ. 'ಕ್ಯಾಲ್ಡರ್' ಮುಗಿದಿತ್ತು, 'ಹೌಗನ್' ಅರ್ಧ ಆಗಿತ್ತು. ಹೋಗಿ ಹೇಳಿದೆ. ಕುಂಚವನ್ನು ಮತ್ತೆ ಬಣ್ಣದಲ್ಲಿ ಅದ್ದಿದ. ಆಮೇಲೆ ತಿರುಗಿಕೊಂಡು ಉಳಿದರ್ಧವನ್ನೂ ಬರೆದು ಮುಗಿಸಿಯೇ ಕೆಳಗಿಳಿದ. "ಅಳಿಸಲ್ಲ. ಅವರು ತಪ್ಪು ಮಾಡಿದ್ರೆ ನಾನ್ಯಾಕೆ ಅಳಿಸ್ಲಿ" ಅನ್ನುತ್ತಾನೆ.

ಅವರಿಗೆ ದಕ್ಷಿಣದ ವೋಟು ಬೇಕಿತ್ತು. ಅಷ್ಟೇ ಕಾರಣ. ಬೇರೆ ಏನೂ ಹುಡುಕಬೇಡ.

ಇನ್ನು ಮೇಲೆ ನಾನೇ ಬರುತ್ತೇನೆ, ನನ್ನ ಹೆಸರಿನಲ್ಲೇ ಬರೆಯುತ್ತೇನೆ. ನಿನ್ನ ಸನ್ನಡತೆಯ ಬಿಡುಗಡೆಯ ವಿಚಾರಣೆ ನವೆಂಬರ್ 19ಕ್ಕೆ ಗೊತ್ತಾಗಿದೆಯಲ್ಲ. ನಮ್ಮಿಬ್ಬರಿಗೂ ಈಗ ಚುನಾವಣೆ ಅಂದರೆ ಅದೊಂದೇ. ಕ್ರಿಸ್‌ಮಸ್‌ಗೆ ನೀನು ಈ ಮೇಜಿನ ಮುಂದೆ ಕೂತು ಉಣ್ಣಬೇಕು. ಬೇರೆ ಯಾವುದರ ಮೇಲೂ ನನಗೆ ಈಗ ಆಸೆಯಿಲ್ಲ.

ನಿನ್ನ
ಅಮ್ಮ


ರಾಜ್ಯ ಸೆರೆಮನೆ
ಆಗಸ್ಟ್ 6

ಅಮ್ಮಾ,

ದಕ್ಷಿಣದ ವೋಟಂತೆ! ಓಟಿಸ್‌ಗೆ ಹೇಳಿದರೆ ಬಿದ್ದು ಬಿದ್ದು ನಕ್ಕ. ಪ್ರೆಂಟಿಸ್‌ಗೆ ಅವರ ಊರಿನಲ್ಲೇ ವೋಟಿಲ್ಲವಂತೆ.

ಭಾನುವಾರ ನೀನು ಬಂದಾಗ ಕೇಳಬೇಕು ಅಂತ ಇದ್ದೆ. ನೀನು ಟೊಮೆಟೊ ಗಿಡಕ್ಕೆ ಹುಳ ಬಿದ್ದದ್ದು, ಬ್ರೀಟಾ ಕೂದಲು ಕತ್ತರಿಸಿಕೊಂಡದ್ದು, ಇದನ್ನೇ ಹೇಳಿ ಹೊತ್ತು ಕಳೆದುಬಿಟ್ಟೆ. ಗಡಿಯಾರ ನೋಡಿಕೊಂಡು ಮಾತಾಡಿದ ಹಾಗಿತ್ತು. ಕಾಗದದಲ್ಲಾದರೂ ಕೇಳುತ್ತೇನೆ. ಸ್ಟ್ರೌಡ್ ಇಲ್ಲಿಂದ ಹೋದ ಮೇಲೆ ನಿನ್ನ ಹತ್ತಿರ ಇನ್ನೊಂದು ಸಲ ಬಂದಿದ್ದರಾ? ಬಂದು ಏನಂದರು? ನನ್ನಿಂದ ಏನಾದರೂ ಆಯಿತಾ?

ಹೌದು ಅಥವಾ ಇಲ್ಲ, ಒಂದೇ ಶಬ್ದ ಬರೆ.

ನೆಲ್ಸ್


ವಿರೋಕ್ವಾ
ಸೆಪ್ಟೆಂಬರ್ 17

ನೆಲ್ಸ್,

ಇಲ್ಲ.

ಒಂದೇ ಶಬ್ದ ಕೇಳಿದ್ದೆ, ಬರೆದಿದ್ದೇನೆ. ತಡವಾಯಿತು, ಕ್ಷಮಿಸು. ಪಕ್ಷದ ಕೆಲಸಕ್ಕೆ ಊರೂರು ಸುತ್ತುತ್ತಿದ್ದೇನೆ. ಪ್ರೆಂಟಿಸ್ ಅವರನ್ನು ನಮ್ಮ ಜಿಲ್ಲೆಯಲ್ಲೆಲ್ಲ ಕೈಹಿಡಿದು ಪರಿಚಯ ಮಾಡಿಕೊಡುವ ಕೆಲಸ ನನಗೇ ಒಪ್ಪಿಸಿದ್ದಾರೆ, ನೋಡು.

ಮೊನ್ನೆ ನಡೆದದ್ದು ಪತ್ರಿಕೆಯಲ್ಲಿ ಬಂದಿದೆ, ಆದರೂ ಕಣ್ಣಾರೆ ಕಂಡವಳು ಹೇಳುತ್ತೇನೆ ಕೇಳು. ಲವರ್ನ್‌ಳ ಹೋಟೆಲಿಗೆ ಬೆಳಗಿನ ತಿಂಡಿಗೆ ಅವರನ್ನು ಕರೆದುಕೊಂಡು ಹೋಗಿದ್ದೆ. ಹಾಲು ಕರೆದು ಬಂದ ಗಂಡಸರು ಮೇಜು ತುಂಬಾ ಕೂತಿದ್ದರು, ಕ್ಯಾಮೆರಾದವರು ಗೋಡೆಗುಂಟ ನಿಂತಿದ್ದರು. ಲವರ್ನ್ ಬಿಸಿ ದೋಸೆಯಂಥ ಪ್ಯಾನ್‌ಕೇಕಿನ ಮೇಲೆ ನಿಂಬೆಗಾತ್ರದ ಬೆಣ್ಣೆ ಇಟ್ಟು ತಂದಳು. ಪ್ರೆಂಟಿಸ್ ತಟ್ಟೆ ನೋಡಿ, ತುಂಬಾ ವಿನಯದಿಂದಲೇ, "ಬೆಣ್ಣೆ ಬೇಡಮ್ಮಾ. ಡಾಕ್ಟರು ಬಿಡಿ ಅಂದಿದ್ದಾರೆ. ಮಾರ್ಜರೀನ್ ಇದ್ರೆ ಕೊಡಿ" ಅಂದರು.

ಮಾರ್ಜರೀನ್! ಎಣ್ಣೆಯಿಂದ ಮಾಡಿದ ನಕಲಿ ಬೆಣ್ಣೆ, ಅದೂ ಹಾಲು ಮಾರಿ ಬದುಕುವ ನಮ್ಮೂರಲ್ಲಿ! ನಮ್ಮಜ್ಜಿಯ ಕಾಲದಲ್ಲಿ ಅದಕ್ಕೆ ಹಳದಿ ಬಣ್ಣ ಹಾಕಿ ಮಾರಿದರೆ ಪೊಲೀಸರು ಬರುತ್ತಿದ್ದರು. ಹೋಟೆಲಿನಲ್ಲಿ ಒಬ್ಬರ ಫೋರ್ಕೂ ಮೇಲೇಳಲಿಲ್ಲ. ಲವರ್ನ್ ಸೊಂಟಕ್ಕೆ ಕೈಯಿಟ್ಟುಕೊಂಡು, "ಸಿಗುತ್ತೆ ಸಾರ್. ಇಲ್ಲಿಂದ ನೆಟ್ಟಗೆ ದಕ್ಷಿಣಕ್ಕೆ ಹೋಗಿ. ರಾಜ್ಯದ ಗಡಿ ದಾಟಿದ್ಮೇಲೆ ಎಷ್ಟು ಬೇಕಾದ್ರೂ ಸಿಗುತ್ತೆ" ಅಂದಳು. ಪಾಪ, ಅವರಿಗೆ ತಾವು ಮಾಡಿದ್ದೇನು ಅಂತ ಕಾರಿನಲ್ಲಿ ಕೂತ ಮೇಲೂ ಗೊತ್ತಾಗಲಿಲ್ಲ. "ಹೃದಯದ ತೊಂದರೆ ಇರೋನು ಕಣ್ರೀ ನಾನು" ಅಂದರು. ಅವರಿಗೆ ನಿಜವಾಗಿಯೂ ಹೃದಯದ ತೊಂದರೆ ಇದೆ, ಮನುಷ್ಯ ಕೆಟ್ಟವರಲ್ಲ. ಆದರೆ ಅವತ್ತಿನಿಂದ ಹೋದಲ್ಲೆಲ್ಲ ಸಭೆಯ ಹಿಂದಿನ ಸಾಲಿನಿಂದ ಯಾರೋ ಒಬ್ಬರು "ಮಾರ್ಜರೀನ್!" ಅಂತ ಕೂಗುತ್ತಾರೆ. ಐನಾರ್ ಅಂತೂ ಗೋಡೆ ಬರಹದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವುದಕ್ಕೆ ಶುರುಮಾಡಿದ್ದಾನೆ.

ನಿನ್ನ ಕೋಣೆಗೆ ಬಣ್ಣ ಹೊಡೆಸಿದೆ. ತಿಳಿ ನೀಲಿ. ಮಂಚ ಕಿಟಕಿಯ ಕಡೆ ಸರಿಸಿದ್ದೇನೆ, ಬೇಡವಾದರೆ ಬಂದ ಮೇಲೆ ನೀನೇ ಸರಿಸಿಕೋ.

ನಿನ್ನ
ಅಮ್ಮ


ರಾಜ್ಯ ಸೆರೆಮನೆ
ನವೆಂಬರ್ 8

ಅಮ್ಮಾ,

ಕ್ಯಾಲ್ಡರ್ ಸೋತರು. ಇಡೀ ದೇಶದ ಲೆಕ್ಕ ಸರಿಸಮ ಬಂದು ಕೊನೆಗೆ ವಿಸ್ಕಾನ್ಸಿನ್ ಒಂದೇ ಉಳಿದಾಗ ಇಲ್ಲಿ ಟೀವಿಯ ಮುಂದೆ ಒಬ್ಬನೂ ಉಸಿರಾಡಲಿಲ್ಲ. ಸೋತದ್ದು ಕೂಡ ಎಷ್ಟರಿಂದ? ಒಂದು ಫುಟ್‌ಬಾಲ್ ಮೈದಾನದ ಒಂದು ಬದಿ ತುಂಬುವಷ್ಟು ಜನರಿಂದ. ಪತ್ರಿಕೆಯವರು, ಟೀವಿಯವರು, ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವವರು, ಎಲ್ಲರ ಬಾಯಲ್ಲೂ ಒಂದೇ ಮಾತು, ಹೌಗನ್ ಇದ್ದಿದ್ದರೆ. ಓಟಿಸ್ ನನ್ನ ಬೆನ್ನು ತಟ್ಟಿ, "ನಿಮ್ಮಮ್ಮ ಇದ್ದಿದ್ರೆ ಗೆಲ್ತಿದ್ರು ಕಣೋ" ಅಂದ. ಸಮಾಧಾನಕ್ಕೆ ಹೇಳಿದ, ಪಾಪ.

ನಿನ್ನೆ ಬ್ರೀಟಾ ಬಂದಿದ್ದಳು. ನನಗೆ ಹೇಳಬಾರದು ಅಂತ ನೀನು ಅವಳಿಂದ ಪ್ರಮಾಣ ಮಾಡಿಸಿಕೊಂಡಿದ್ದೆಯಂತೆ. ಅವಳಿಗೆ ತಡೆಯಲಾಗಲಿಲ್ಲ, ಬೈಯಬೇಡ. ಕೂತ ಕೂಡಲೇ ಅತ್ತಳು. ಆಮೇಲೆ, "ನಿನ್ನ ದೊಡ್ಡ ಬುದ್ಧಿಗೆ ಬೆಂಕಿ ಬೀಳ, ಅಮ್ಮ ಸ್ಟ್ರೌಡ್ ಹತ್ರ ನಿನ್ ಸುಳ್ಳನ್ನ ತನ್ನ ತಲೆ ಮೇಲೆ ಹಾಕ್ಕೊಂಡ್ಲು ಗೊತ್ತಾ?" ಅಂದಳು.

ನಾನು ಸ್ಟ್ರೌಡ್‌ಗೆ ಹೇಳಿದ್ದು ಇದು. ತೀರ್ಪಿನ ದಿನದಿಂದ ನನ್ನ ತಾಯಿ ನನ್ನ ಮುಖ ನೋಡಿಲ್ಲ. ಕೊಲೆಗಾರನಿಗೆ ನಾನು ತಾಯಿಯಲ್ಲ ಅಂದುಬಿಟ್ಟಳು. ಒಂದು ಕಾಗದ ಕೂಡ ಬರೆದಿಲ್ಲ. ಹೀಗೆ ಹೇಳಿ, ಸಿಟ್ಟು ಬಂದವನ ಹಾಗೆ ಮುಖ ಕೂಡ ತಿರುಗಿಸಿಕೊಂಡೆ. ಮಗನನ್ನೇ ದೂರ ಇಟ್ಟ ಗಟ್ಟಿ ಹೆಂಗಸು ಅಂತ ಜನ ಮೆಚ್ಚುತ್ತಾರೆ ಅಂದುಕೊಂಡೆ ಅಮ್ಮಾ. ನೀನು ಹೇಗೂ ನನ್ನ ಮಾತಿಗೆ ಹೊಂದಿಕೊಳ್ಳುತ್ತೀಯ ಅಂದುಕೊಂಡೆ. ನೀನು ಮೊದಲೇ ಎಲ್ಲ ಹೇಳಿದ್ದೀಯ ಅಂತ ಕಾಗದದಲ್ಲಿ ಬರೆದಿದ್ದೆ, ನಾನೂ ಓದಿದ್ದೆ, ಆದರೂ ತಲೆಗೆ ಹೋಗಲಿಲ್ಲ. ಬಿಟ್ಟುಕೊಡುವುದಕ್ಕೆ ನನ್ನ ಹತ್ತಿರ ಇದ್ದದ್ದು ನೀನೊಬ್ಬಳೇ. ನಿನಗಾಗಿ ನಿನ್ನನ್ನೇ ಬಿಟ್ಟುಕೊಡೋಣ ಅನ್ನಿಸಿತು.

ಇನ್ನು ಮುಚ್ಚಬೇಡ. ಏನಾಯಿತು ಹೇಳು.

ನೆಲ್ಸ್


ವಿರೋಕ್ವಾ
ನವೆಂಬರ್ 12

ನನ್ನ ಬಂಗಾರ,

ಹೇಳುತ್ತೇನೆ. ಬ್ರೀಟಾಳನ್ನು ಬೈದೆ, ಆಮೇಲೆ ಅವಳಿಗೇ ಕಾಫಿ ಮಾಡಿಕೊಟ್ಟೆ.

ಸ್ಟ್ರೌಡ್ ಜುಲೈನಲ್ಲಿ ಇನ್ನೊಮ್ಮೆ ಬಂದರು. ಅಡುಗೆಮನೆಯಲ್ಲೇ ಕೂತರು. "ಮೇಡಂ, ನೀವು ತಿಂಗಳು ತಿಂಗಳು ಹೋಗ್ತೀನಿ ಅಂದ್ರಿ. ನಿಮ್ಮ ಮಗ, ಅಮ್ಮ ಒಂದು ದಿನವೂ ಬಂದಿಲ್ಲ ಅಂದ. ಜೈಲಿನಲ್ಲಿ ವಿಚಾರಿಸಿದೆ. ನೀವು ಹೇಳಿದ್ದೇ ನಿಜ. ಹುಡುಗ ಯಾಕೆ ಸುಳ್ಳು ಹೇಳಿದ?" ಅಂತ ಕೇಳಿದರು.

ಯಾಕೆ ಅಂತ ನನಗೆ ಕೇಳಿದ ತಕ್ಷಣ ಗೊತ್ತಾಯಿತು. ನಿನ್ನ ಜೂನ್ ತಿಂಗಳ ಕಾಗದ ನೆನಪಾಯಿತು. ಒಲೆಯ ಕಡೆ ತಿರುಗಿ ನಿಂತೆ, ಅವರಿಗೆ ಮುಖ ತೋರಿಸಲು ಆಗಲಿಲ್ಲ.

ಸ್ಟ್ರೌಡ್ ಒಳ್ಳೆಯ ಮನಸ್ಸಿನಿಂದಲೇ ದಾರಿ ತೋರಿಸಿದರು. "ನೀವು ನಿಂತ್ಮೇಲೆ ಇದು ಹೇಗಿದ್ರೂ ಹೊರಗೆ ಬರುತ್ತೆ. ಅದಕ್ಕೆ ನಾವೇ ಮೊದ್ಲು ಪತ್ರಿಕೆಯವರಿಗೆ ಹೇಳಿಬಿಡ್ತೀವಿ. ಮಗ ಸುಳ್ಳುಗಾರ, ತಾಯಿ ಪ್ರಾಮಾಣಿಕಳು ಅಂತ. ಜನಕ್ಕೆ ನಿಮ್ಮ ಮೇಲೆ ಇನ್ನೂ ಗೌರವ ಬರುತ್ತೆ. ನೀವೇ ನಮ್ಮ ಉಪಾಧ್ಯಕ್ಷೆ ಅಂತ ತಿಳ್ಕೊಳ್ಳಿ" ಅಂದರು.

"ಅವನ ಬಿಡುಗಡೆ ವಿಚಾರಣೆ ಇದೆ" ಅಂದೆ. "ಸನ್ನಡತೆ ಅಂತ ತೋರಿಸೋಕೆ ಅವನ ಹತ್ರ ಇನ್ನೇನಿದೆ? ಸುಳ್ಳುಗಾರ ಅಂತ ದೇಶಕ್ಕೆಲ್ಲ ಸಾರಿದ್ಮೇಲೆ ಅವನನ್ನ ಯಾರು ಬಿಡ್ತಾರೆ?"

"ಅದು ನವೆಂಬರ್ 19ಕ್ಕಲ್ವಾ ಮೇಡಂ? ಚುನಾವಣೆ ಆದ್ಮೇಲೆ" ಅಂದರು.

ಕೆಟ್ಟದ್ದು ಹೇಳುತ್ತಿದ್ದೇನೆ ಅಂತ ಅವರಿಗೆ ಅನ್ನಿಸಲೇ ಇಲ್ಲ ನೆಲ್ಸ್. ತಾರೀಖು ಹೇಳಿದರು, ಅಷ್ಟೇ. ನಾನು ಒಲೆ ಆರಿಸಿ ಬಂದು ಅವರ ಎದುರು ಕೂತೆ. "ಅವನ ತಪ್ಪಲ್ಲ. ಹಾಗೆ ಹೇಳು ಅಂತ ನಾನೇ ಹೇಳಿಕೊಟ್ಟೆ" ಅಂದೆ.

ಸ್ಟ್ರೌಡ್ ಪೆನ್ನು ಮೇಜಿನ ಮೇಲಿಟ್ಟರು. "ನಿಮಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ" ಅಂದರು. "ಬರೆದುಕೊಳ್ಳಿ" ಅಂದೆ. ಬರೆದುಕೊಂಡರು. ಕಾಫಿ ಪೂರ್ತಿ ಕುಡಿಯದೆ ಎದ್ದರು. ಹೇಳಿಕೊಟ್ಟು ಸುಳ್ಳಾಡಿಸಿದ ಹೆಂಗಸನ್ನು ಯಾರು ಜೊತೆಗೆ ನಿಲ್ಲಿಸಿಕೊಳ್ಳುತ್ತಾರೆ? ಹೊರಗೆ ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದರು, ನಡೆಸಿಕೊಂಡಿದ್ದಾರೆ.

ದೇಶ ಕೈತಪ್ಪಿದ್ದಕ್ಕೆ ನಿನ್ನ ತಲೆ ನೀನು ಚಚ್ಚಿಕೊಳ್ಳಬೇಡ. ಸೋಲಿಸಿದ್ದು ಮಾರ್ಜರೀನ್. ನಾನಿದ್ದಿದ್ದರೆ ಗೆಲ್ಲುತ್ತಿದ್ದೆವಾ? ಗೆಲ್ಲುತ್ತಿದ್ದೆವೇನೋ. ಊರಲ್ಲಿ ಎಲ್ಲರೂ ನನ್ನ ಕೈಹಿಡಿದು ಅದನ್ನೇ ಹೇಳುತ್ತಾರೆ, ನಗುನಗುತ್ತಾ ಕೇಳಿಸಿಕೊಂಡು ಕಾರಿನ ಬಾಗಿಲು ಹಾಕಿಕೊಂಡು ಅಳುತ್ತೇನೆ. ಆದರೂ ಆ ಅಡುಗೆಮನೆಯಲ್ಲಿ ಮತ್ತೆ ಕೂರಿಸಿದರೆ ಅದನ್ನೇ ಹೇಳುತ್ತೇನೆ.

ಈಗ ನನ್ನದೊಂದು ಮಾತು ಕೇಳು. ಹತ್ತೊಂಬತ್ತನೇ ತಾರೀಖು ವಿಚಾರಣೆಯ ಕೋಣೆಯಲ್ಲಿ ಈ ವಿಷಯ ಎತ್ತಬೇಡ. ಅವರಿಗೆ ಗೊತ್ತಿಲ್ಲ, ಅವರಾಗಿ ಕೇಳುವುದೂ ಇಲ್ಲ. ನಾನು ಕೊಟ್ಟಿರುವ ಬೆಲೆ ಸಣ್ಣದಲ್ಲ, ಅದನ್ನು ನೀರಿಗೆ ಹಾಕಬೇಡ. ನಿನ್ನ ಕಾಲು ಹಿಡಿಯುತ್ತೇನೆ ಅಂದುಕೋ. ಬಾಯಿ ಮುಚ್ಚಿಕೊಂಡು ಮನೆಗೆ ಬಾ.

ನಿನ್ನ
ಅಮ್ಮ


ರಾಜ್ಯ ಸೆರೆಮನೆ
ನವೆಂಬರ್ 20

ಅಮ್ಮಾ,

ನಿನಗೆ ಈಗಾಗಲೇ ಸುದ್ದಿ ಮುಟ್ಟಿರುತ್ತದೆ. ಬಿಡುಗಡೆ ಇಲ್ಲ. ಎರಡು ವರ್ಷದ ಮೇಲೆ ಮತ್ತೆ ಕೇಳಬಹುದು ಅಂದರು.

ಬಾಯಿ ಮುಚ್ಚಿಕೊಂಡೇ ಹೋಗಿದ್ದೆ, ದೇವರಾಣೆ. ಒಳಗೆ ಹೋದರೆ ಗೋಡೆಯ ಪಕ್ಕ ಮುದುಕ ಕುಬಿಯಾಕ್ ಕೂತಿದ್ದರು. ವಾಂಡಾ ಅವರ ಗಂಡ. ಮಡಿಲಲ್ಲಿ ಟೊಪ್ಪಿಗೆ ಇಟ್ಟುಕೊಂಡಿದ್ದರು. ನಾಲ್ಕು ವರ್ಷದ ಹಿಂದೆ ರಸ್ತೆ ಬದಿಯಲ್ಲಿ ನೋಡಿದವನು ಮತ್ತೆ ಈಗಲೇ ಅವರನ್ನು ನೋಡಿದ್ದು. ಅವತ್ತು ಪೊಲೀಸರು ಎಷ್ಟು ಕುಡಿದಿದ್ದೀಯ ಅಂತ ಕೇಳಿದಾಗ ನಾನು "ಎರಡೇ ಬಿಯರ್ ಸಾರ್" ಅಂದಿದ್ದೆ. ಕುಬಿಯಾಕ್ ಅಲ್ಲೇ ಮಂಡಿಯೂರಿ ಹೆಂಡತಿಯ ಕೈ ಹಿಡಿದುಕೊಂಡಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟ ನಾನು ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ.

ಅಧ್ಯಕ್ಷತೆ ವಹಿಸಿದ್ದ ಹೆಂಗಸು ಮೃದುವಾಗಿಯೇ ಕೇಳಿದರು. "ಇಲ್ಲಿಗೆ ಬಂದ್ಮೇಲೆ ನೀವು ಯಾರಿಗಾದ್ರೂ ಮೋಸ ಮಾಡಿದ್ದು, ಸುಳ್ಳು ಹೇಳಿದ್ದು ಇದೆಯಾ?" ಎಲ್ಲರಿಗೂ ಕೇಳುವ ಪ್ರಶ್ನೆಯಂತೆ ಅದು. ಎಲ್ಲರೂ ಇಲ್ಲ ಅನ್ನುತ್ತಾರಂತೆ. ನಾನೂ ಇಲ್ಲ ಅನ್ನಬೇಕು ಅಂತ ಬಾಯಿ ತೆಗೆದೆ. ಕುಬಿಯಾಕ್ ಅವತ್ತಿನ ಹಾಗೇ ನೋಡುತ್ತಿದ್ದರು. ಅವರ ಮುಂದೆ ಇನ್ನೊಂದು ಸಲ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ ಅಮ್ಮಾ.

"ಒಂದು ಸುಳ್ಳು ಹೇಳಿದ್ದೀನಿ ಮೇಡಂ, ಇದೇ ಜೂನ್‌ನಲ್ಲಿ" ಅಂದೆ. ಎಲ್ಲ ಹೇಳಿದೆ. ನೀನು ಅದನ್ನು ನಿನ್ನ ಮೇಲೆ ಎಳೆದುಕೊಂಡದ್ದೂ ಹೇಳಿದೆ. ಮಂಡಳಿಯ ಮೂವರೂ ಪಿಸುಮಾತಾಡಿಕೊಂಡರು. ಆಮೇಲೆ ಕುಬಿಯಾಕ್ ಕಡೆ ತಿರುಗಿ, "ನೀವೇನಾದ್ರೂ ಹೇಳ್ತೀರಾ?" ಅಂದರು. ಅವರು ಮಡಿಲಲ್ಲಿದ್ದ ಟೊಪ್ಪಿಗೆಯನ್ನು ಒಂದು ಸುತ್ತು ತಿರುಗಿಸಿದರು. ಆಮೇಲೆ ಏನೂ ಇಲ್ಲ ಅಂತ ತಲೆಯಾಡಿಸಿದರು.

ನಿನ್ನ ಕೈಯಲ್ಲಿದ್ದದ್ದನ್ನು ಎರಡು ಸಲ ಕಸಿದುಕೊಂಡೆ. ಜೂನ್‌ನಲ್ಲಿ ಸುಳ್ಳು ಹೇಳಿ, ಈಗ ನಿಜ ಹೇಳಿ. ನನ್ನನ್ನು ಬೈದು ಒಂದು ಕಾಗದ ಬರೆ. ಬೈಯದೆ ಬಿಡಬೇಡ.

ನೆಲ್ಸ್


ವಿರೋಕ್ವಾ
ನವೆಂಬರ್ 30

ನನ್ನ ಮಗನೇ,

ಬೈಯಬೇಕು ಅಂತ ನಾಲ್ಕು ಸಲ ಕೂತೆ. ಹಾಳಾದವನೇ, ಒಂದೇ ಒಂದು ಸಲ ನಿನಗೆ ನಿಜ ಮುಚ್ಚಿಡು ಅಂದೆ, ಅವತ್ತೇ ನಿನಗೆ ನಿಜ ಬೇಕಾಯಿತಾ? ಇಷ್ಟು ಬರೆದು ಹರಿದು ಹಾಕುತ್ತಿದ್ದೆ. ಈಗ ಬಂತಲ್ಲ, ಇರಲಿ ಬಿಡು, ಹರಿಯುವುದಿಲ್ಲ. ಎದೆ ಒಡೆದುಹೋಗಿದೆ ನೆಲ್ಸ್. ಚುನಾವಣೆ ಸೋತಾಗ ಇಷ್ಟು ಆಗಿರಲಿಲ್ಲ. ನೀಲಿ ಕೋಣೆಯ ಬಾಗಿಲು ಹಾಕಿಟ್ಟಿದ್ದೇನೆ. ಬ್ರೀಟಾ ಹಾಸಿಗೆ ಮಡಚಿಡಲಾ ಅಂದಳು, ಬೇಡ ಅಂದೆ.

ಹಿಮ ಬೀಳುವ ಮುಂಚೆ ಐನಾರ್ ಕೊಟ್ಟಿಗೆಯ ಗೋಡೆಯಲ್ಲಿದ್ದ ಬಿಳಿ ಅಕ್ಷರಗಳ ಮೇಲೆ ಕೆಂಪು ಬಣ್ಣ ಹೊಡೆದ. ನಾನು ಹೇಳಿರಲಿಲ್ಲ, ಅವನೇ ಹೊಡೆದ. ಹೊಸ ಕೆಂಪು ಗೋಡೆಯ ಹಳೆಯ ಕೆಂಪಿಗೆ ಹೊಂದಲಿಲ್ಲ. ಈಗ ಹೈವೇಯಿಂದ ನೋಡಿದರೆ ಎರಡು ಹೆಸರೂ ಮೊದಲಿಗಿಂತ ಚೆನ್ನಾಗಿ ಕಾಣುತ್ತವೆ. "ಏನ್ ಮಾಡ್ಲಿ ಮಾರ್ಗಿಟ್, ಹೋಗ್ತಾ ಇಲ್ಲ" ಅಂತ ಏಣಿಯ ಮೇಲೆ ನಿಂತು ಕಣ್ಣೊರೆಸಿಕೊಂಡ. ಇಳಿದು ಬಾ, ಊಟ ಮಾಡು ಅಂದೆ.

ಇನ್ನೊಂದು ಹೇಳಬೇಕಿದೆ. ಹೇಳಬಾರದು ಅಂತ ಒಂದು ವಾರ ಇಟ್ಟುಕೊಂಡೆ. ಆದರೆ ನಿನಗೆ ನೋವಾಗಬಾರದು ಅಂತ ನಾನು, ನನಗೆ ನೋವಾಗಬಾರದು ಅಂತ ನೀನು, ಹೀಗೆ ಮುಚ್ಚಿಟ್ಟೇ ಈ ಗತಿಗೆ ಬಂದೆವು. ಇನ್ನು ಬೇಡ.

ಹೋದ ಮಂಗಳವಾರ ಕುಬಿಯಾಕ್ ಮನೆಗೆ ಬಂದರು. ಅವರು ನಮ್ಮ ಹೊಸಲು ತುಳಿದದ್ದು ಇದೇ ಮೊದಲು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು.

"ನಾನವತ್ತು ವಿಚಾರಣೇಲಿ ಹುಡುಗನ್ನ ಬಿಟ್ಟುಬಿಡಿ ಅಂತ ಹೇಳೋಕೇ ಹೋಗಿದ್ದೆ ಮೇಡಂ. ನಾಲ್ಕು ವರ್ಷ ಸಿಟ್ಟಿಟ್ಕೊಂಡು ಸಾಕಾಗೋಯ್ತು. ವಾಂಡಾ ಇದ್ದಿದ್ರೆ, ಸಾಕು ಬಿಡೋ ಮಾರಾಯ ಅಂತಿದ್ಲು. ಬಸ್ಸಲ್ಲಿ ದಾರಿಯುದ್ದಕ್ಕೂ ಮಾತು ಉರು ಹೊಡ್ಕೊಂಡು ಹೋಗಿದ್ದೆ. ಅಷ್ಟರಲ್ಲಿ ಅವನು ಸುಳ್ಳು ಹೇಳಿದ್ದೀನಿ ಅಂದ. ಅದೊಂದೇ ಮಾತು ನನ್ನ ಕಿವೀಲಿ ಕೂತ್ಕೊಂಡ್ಬಿಡ್ತು. ಎರಡೇ ಬಿಯರ್ ಅಂದಿದ್ದು ಜ್ಞಾಪಕ ಬಂತು. ಇವನಿನ್ನೂ ಸುಳ್ಳೇ ಹೇಳ್ತಾನೆ ಅಂತ ಬಾಯಿ ಕಟ್ಟೋಯ್ತು."

ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮನೆಗೆ ಹೋಗಿ ಸೂಪ್ ಬಿಸಿ ಮಾಡ್ತಾ ಇದ್ದೆ. ಆಗ ಹೊಳೀತು. ಅಯ್ಯೋ, ಅವನು ಇವತ್ತು ಹೇಳಿದ್ದು ಸುಳ್ಳಲ್ಲ, ನಿಜ. ನನ್ನ ಮುಖ ನೋಡ್ಕೊಂಡು ನಿಜ ಹೇಳ್ದ. ಕೂಡ್ಲೇ ಮಂಡಳಿಯವರಿಗೆ ಫೋನ್ ಮಾಡ್ದೆ. ತೀರ್ಮಾನ ಆಗಿಹೋಗಿದೆ, ಇನ್ನು ಬದಲಾಯಿಸೋಕೆ ಬರಲ್ಲ ಅಂದ್ರು. ನಾನು ನಿಧಾನ ಮೇಡಂ. ಯಾವಾಗ್ಲೂ ನಿಧಾನ. ವಾಂಡಾನೂ ಅದನ್ನೇ ಬೈತಿದ್ಲು."

ನಾನು ಚೌಕಟ್ಟು ಹಿಡಿದುಕೊಂಡು ನಿಂತೆ. ಅತ್ತೆ. ಅವರೂ ಅತ್ತರು. ಅಲ್ಲಿ ಅವರು, ಇಲ್ಲಿ ನಾನು, ಮಧ್ಯೆ ತೆರೆದ ಬಾಗಿಲು, ಚಳಿಯೆಲ್ಲ ಮನೆಯೊಳಗೆ ಬಂತು.

"ಮುಂದಿನ ಸಲ ಖಂಡಿತ ಬಂದು ಹೇಳ್ತೀನಿ" ಅಂದರು. ಮುಂದಿನ ಸಲ ಅಂದರೆ ಎರಡು ವರ್ಷ. ಅವರಿಗೆ ಈಗ ಎಂಬತ್ತೊಂದು. ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು, ಕೈಹಿಡಿದು ನಾನೇ ಇಳಿಸಿದೆ. ಗೇಟಿನವರೆಗೂ ಆ ಕೈ ಬಿಡಲಿಲ್ಲ.

ಭಾನುವಾರ ಬರುತ್ತೇನೆ. ಕುತ್ತಿಗೆಗೆ ಮಫ್ಲರ್ ಸುತ್ತಿಕೋ.

ನಿನ್ನ
ಅಮ್ಮ